ಜಾಲಿ ರೋಜರ್ಸ್ ಪೋಸ್ಟರ್: ಮೊದಲು ಒಂದು ದಿನ ಆರಿಸಿಕೊಳ್ಳಿ, ಬಣ್ಣ ಆಮೇಲೆ

ಪ್ರಶ್ನೆ: ನಾನು ಹವ್ಯಾಸಕ್ಕೆ ಚಿತ್ರ ಬರೆಯುವವನು. ಅಮೆರಿಕ ನೌಕಾಪಡೆಯ ‘ಜಾಲಿ ರೋಜರ್ಸ್’ ಫೈಟರ್ ಸ್ಕ್ವಾಡ್ರನ್ ನೆನಪಿಗೆ ಹಳೇ ಕಾಲದ ಶೈಲಿಯಲ್ಲಿ ಒಂದು ಪೋಸ್ಟರ್ ಮಾಡುತ್ತಿದ್ದೇನೆ. ಕೆಳಗೆ ಎರಡನೇ ಮಹಾಯುದ್ಧದ ಕೋರ್ಸೇರ್, ಮೇಲೆ ಎಫ್-14 ಟಾಮ್‌ಕ್ಯಾಟ್, ನಡುವೆ ತಲೆಬುರುಡೆಯ ಲಾಂಛನ. ಅಡಿಯಲ್ಲಿ ‘ವಿಎಫ್-84, 1943–1995’ ಎಂದು ಬರೆದಿದ್ದೆ. ನೋಡಿದವರೊಬ್ಬರು ವರ್ಷ ತಪ್ಪು ಅಂದರು. ಯಾವುದು ಸರಿ? ಇನ್ನೊಂದು, ಎಷ್ಟು ಫಿಲ್ಟರ್ ಹಾಕಿದರೂ ಚಿತ್ರ ಹಳೆಯದು ಅನ್ನಿಸುತ್ತಿಲ್ಲ. ಏನು ಮಾಡಲಿ? ಮುದ್ರಿಸಿ ಮಾರಬಹುದಾ?

ಉತ್ತರ: ನೋಡಿದವರು ಸರಿಯಾಗಿಯೇ ಹೇಳಿದ್ದಾರೆ. 1943 ನಿಜ, 1995 ಕೂಡ ನಿಜ. ಆದರೆ ಅವೆರಡೂ ಒಂದೇ ಸ್ಕ್ವಾಡ್ರನ್ನಿನ ವರ್ಷಗಳಲ್ಲ.

1943ರ ಜನವರಿ 1ರಂದು ಶುರುವಾಗಿದ್ದು ವಿಎಫ್-17. ‘ವಿಎಫ್’ ಎಂದರೆ ನೌಕಾಪಡೆಯ ಫೈಟರ್ ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತುಕಡಿ. ಅದರ ಕಮಾಂಡರ್ ಟಾಮ್ ಬ್ಲ್ಯಾಕ್‌ಬರ್ನ್. ಕೈಗೆ ಸಿಕ್ಕಿದ್ದು ಆಗಷ್ಟೇ ಬಂದಿದ್ದ ಕೋರ್ಸೇರ್ ವಿಮಾನ. ವಿಮಾನಕ್ಕೆ ಕಡಲ್ಗಳ್ಳರ ಹೆಸರಿದೆಯಲ್ಲ, ಲಾಂಛನವೂ ಅವರದ್ದೇ ಇರಲಿ ಎಂದು ತಲೆಬುರುಡೆ, ಅಡ್ಡಮೂಳೆಯ ಕಪ್ಪು ಬಾವುಟ ಆರಿಸಿಕೊಂಡರು. ಆ ಬಾವುಟಕ್ಕೇ ಇಂಗ್ಲಿಷಿನಲ್ಲಿ ‘ಜಾಲಿ ರೋಜರ್’ ಎನ್ನುವುದು. ಯುದ್ಧ ಮುಗಿದ ಮೇಲೆ ಈ ಸ್ಕ್ವಾಡ್ರನ್ನಿನ ನಂಬರು ಬದಲಾಯಿತು. 1946ರಲ್ಲಿ ವಿಎಫ್-5ಬಿ, 1948ರಲ್ಲಿ ವಿಎಫ್-61. 1959ರ ಏಪ್ರಿಲ್‌ನಲ್ಲಿ ಅದನ್ನು ಮುಚ್ಚಿದರು. ವಿಎಫ್-17ರ ಕಥೆ ಕಡತದಲ್ಲಿ ಅಲ್ಲಿಗೆ ಮುಗಿಯಿತು.

ನಿಮ್ಮ ವಿಎಫ್-84 ಹುಟ್ಟಿದ್ದು 1955ರ ಜುಲೈನಲ್ಲಿ. ಆಗ ಅದರ ಹೆಸರು ‘ವ್ಯಾಗಬಾಂಡ್ಸ್’. ವಿಎಫ್-61 ಮುಚ್ಚಿದ ಮೇಲೆ ಇವರು ಆ ಹೆಸರನ್ನೂ ತಲೆಬುರುಡೆಯನ್ನೂ ನಮಗೆ ಕೊಡಿ ಎಂದು ಕೇಳಿದರು. 1960ರಲ್ಲಿ ಒಪ್ಪಿಗೆ ಸಿಕ್ಕಿತು. 1995ರ ಅಕ್ಟೋಬರ್ 1ರಂದು ವಿಎಫ್-84 ಕೂಡ ಮುಚ್ಚಿತು. ಅದುವರೆಗೆ ‘ಸ್ಲಗರ್ಸ್’ ಎನ್ನಿಸಿಕೊಂಡಿದ್ದ ವಿಎಫ್-103 ತಲೆಬುರುಡೆಯನ್ನು ವಹಿಸಿಕೊಂಡಿತು. ಈಗ ಅದೇ ವಿಎಫ್‌ಎ-103. ಹಾರಿಸುವುದು ಸೂಪರ್ ಹಾರ್ನೆಟ್.

ಅಂದರೆ ಒಂದೇ ಲಾಂಛನದ ಕೆಳಗೆ ಮೂರು ಬೇರೆ ಬೇರೆ ಘಟಕಗಳು. ಅಮೆರಿಕದ ನೌಕಾಪಡೆ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸ್ಕ್ವಾಡ್ರನ್ ಒಂದನ್ನು ಅಧಿಕೃತವಾಗಿ ಮುಚ್ಚಿದರೆ ಅದರ ವಂಶಾವಳಿ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಯಾರು ಅದೇ ನಂಬರು ಇಟ್ಟುಕೊಂಡರೂ, ಅದೇ ಚಿತ್ರ ಬಳಿದುಕೊಂಡರೂ ಹಳೆಯವರ ದಾಖಲೆ ಇವರ ಖಾತೆಗೆ ಜಮಾ ಆಗುವುದಿಲ್ಲ. ‘ಸನ್‌ಡೌನರ್ಸ್’ ವಿಷಯದಲ್ಲಂತೂ ಇದು ತಮಾಷೆ ಅನ್ನಿಸುವಷ್ಟು. ಅವರ ವಿಎಫ್-111 ಮುಚ್ಚಿದ್ದು 1959ರ ಜನವರಿ 19ರಂದು. ಮರುದಿನವೇ ವಿಎ-156 ಎಂಬ ಇನ್ನೊಂದು ಸ್ಕ್ವಾಡ್ರನ್ನಿಗೆ ವಿಎಫ್-111 ಎಂದು ಹೊಸ ಹೆಸರಿಟ್ಟರು. ಲಾಂಛನವೂ ಅದೇ. ನಡುವೆ ಒಂದು ರಾತ್ರಿ ಅಷ್ಟೇ. ಆದರೂ ಕಡತದಲ್ಲಿ ಅವು ಎರಡು.

ಇದರ ಉಲ್ಟಾ ಕೂಡ ಇದೆ. ‘ಟಾಮ್‌ಕ್ಯಾಟರ್ಸ್’ ಎಂಬ ವಿಎಫ್‌ಎ-31 ನೋಡಿ. 1935ರಲ್ಲಿ ವಿಎಫ್-1ಬಿ ಆಗಿ ಶುರುವಾಯಿತು. ಆಮೇಲೆ ವಿಎಫ್-6, ವಿಎಫ್-3, ವಿಎಫ್-3ಎ, ವಿಎಫ್-31, ಈಗ ವಿಎಫ್‌ಎ-31. ಇಷ್ಟು ನಂಬರು ಬದಲಾದರೂ ಒಮ್ಮೆಯೂ ಮುಚ್ಚಲಿಲ್ಲ. ಹಾಗಾಗಿ 1935ರಿಂದ ಇವತ್ತಿನವರೆಗೆ ಅದು ಒಂದೇ ಸ್ಕ್ವಾಡ್ರನ್. ಆದರೆ ಅವರ ಲಾಂಛನ, ಬತ್ತಿ ಹೊತ್ತಿದ ಬಾಂಬ್ ಹಿಡಿದು ಓಡುವ ಫೀಲಿಕ್ಸ್ ಬೆಕ್ಕು, ಮೊದಲು ಇದ್ದದ್ದು ಬೇರೆಯವರ ಹತ್ತಿರ. ಅದು ಹಳೇ ವಿಎಫ್-3ರದ್ದು. ಎರಡನೇ ಮಹಾಯುದ್ಧದ ಹೆಸರಾಂತ ಪೈಲಟ್‌ಗಳಾದ ಜಿಮ್ಮಿ ಥ್ಯಾಚ್, ಬುಚ್ ಓ’ಹೇರ್ ಇದ್ದ ಸ್ಕ್ವಾಡ್ರನ್. 1943ರ ಜುಲೈನಲ್ಲಿ ವಿಎಫ್-3 ಮತ್ತು ವಿಎಫ್-6 ತಮ್ಮ ನಂಬರು ಅದಲು ಬದಲು ಮಾಡಿಕೊಂಡವು. ಹಳೇ ಬೆಕ್ಕಿನವರು ಯುದ್ಧ ಮುಗಿದಾಗ ವಿಸರ್ಜನೆಯಾದರು. 1946ರಲ್ಲಿ ಬೆಕ್ಕು ಅಧಿಕೃತವಾಗಿ ಈಗಿನವರಿಗೆ ಬಂತು. ಓ’ಹೇರ್ ಅವರ ವೈಲ್ಡ್‌ಕ್ಯಾಟ್ ವಿಮಾನ ಬರೆದು ಕೆಳಗೆ ‘ವಿಎಫ್-31ರ ಹೆಮ್ಮೆ’ ಎಂದು ಹಾಕಿದ ಪೋಸ್ಟರ್‌ಗಳು ಬೇಕಾದಷ್ಟಿವೆ. ಬೆಕ್ಕು ಸರಿ, ಮನುಷ್ಯ ಬೇರೆ ಮನೆಯವನು.

ಹಾಗಾದರೆ ನೀವು ಏನು ಬರೆಯಬೇಕು? ದೊಡ್ಡ ಅಕ್ಷರದಲ್ಲಿ ‘ಜಾಲಿ ರೋಜರ್ಸ್’ ಮಾತ್ರ. ನಂಬರು ಬೇಡ. ಕೋರ್ಸೇರ್ ಪಕ್ಕದಲ್ಲಿ ಚಿಕ್ಕದಾಗಿ ‘ವಿಎಫ್-17, 1943’, ಟಾಮ್‌ಕ್ಯಾಟ್ ಪಕ್ಕದಲ್ಲಿ ‘ವಿಎಫ್-84, 1977’. ಲಾಂಛನದ ಕೆಳಗೆ ‘1943ರಿಂದ’ ಎಂದು ಹಾಕಿದರೂ ತಪ್ಪಿಲ್ಲ, ಏಕೆಂದರೆ ಆಗ ನೀವು ಹೇಳುತ್ತಿರುವುದು ಲಾಂಛನದ ವಯಸ್ಸು. ತಮ್ಮದು ಬ್ಲ್ಯಾಕ್‌ಬರ್ನ್ ಅವರ ಪರಂಪರೆ ಎಂದು ನಂತರದವರು ಹೆಮ್ಮೆಪಡುವುದಕ್ಕೆ ಯಾವ ಕಡತವೂ ಅಡ್ಡ ಬರುವುದಿಲ್ಲ. ನಂಬರಿನ ಪಕ್ಕ ವರ್ಷ ಹಾಕಿದಾಗ ಮಾತ್ರ ಅದು ದಾಖಲೆಯ ಮಾತಾಗುತ್ತದೆ. ಅಲ್ಲಿ ತಪ್ಪಬಾರದು.

ಈಗ ನಿಮ್ಮ ಎರಡನೇ ಪ್ರಶ್ನೆ. ಚಿತ್ರ ಹಳೆಯದು ಅನ್ನಿಸುತ್ತಿಲ್ಲ ಅಂದಿರಿ. ನೀವು ಕಳಿಸಿದ ಕರಡನ್ನು ದೊಡ್ಡದು ಮಾಡಿ ನೋಡಿದೆ. ಅಲ್ಲಿನ ಕೋರ್ಸೇರ್‌ಗೆ ನಾಲ್ಕು ಎಲೆಯ ಪ್ರೊಪೆಲ್ಲರ್ ಇದೆ. ಮೈಯೆಲ್ಲ ಹೊಳೆಯುವ ಕಡುನೀಲಿ. ರೆಕ್ಕೆಯ ನಕ್ಷತ್ರದ ಪಟ್ಟಿಯೊಳಗೆ ಕೆಂಪು ಗೆರೆ. ಮೂಗಿನ ಮೇಲೆ 1943ರ ಕಡಲ್ಗಳ್ಳರ ಬಾವುಟ. ಒಂದೇ ವಿಮಾನದಲ್ಲಿ ಮೂರು ಕಾಲ ಇದ್ದ ಹಾಗಾಯಿತು. ಇದರ ಮೇಲೆ ಯಾವ ಫಿಲ್ಟರ್ ಹಾಕಿ ಏನು ಪ್ರಯೋಜನ, ಅಲ್ವಾ? ಕಾರಣ ಗೊತ್ತಾಗದಿದ್ದರೂ ನೋಡುವವರ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ.

ಅದಕ್ಕೇ ನಾನು ಯಾರು ಕೇಳಿದರೂ ಮೊದಲು ಹೇಳುವುದು, ಒಂದು ದಿನ ಆರಿಸಿಕೊಳ್ಳಿ. ವರ್ಷ ಸಾಲದು, ತಿಂಗಳಾದರೂ ಬೇಕು, ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಬಣ್ಣ, ನಕ್ಷತ್ರ, ನಂಬರು, ಹಿನ್ನೆಲೆಯ ಸಮುದ್ರ, ಎಲ್ಲವನ್ನೂ ಆ ದಿನವೇ ನಿಮಗೆ ಹೇಳಿಕೊಡುತ್ತದೆ.

ವಿಎಫ್-17ಕ್ಕೆ ನನ್ನ ಆಯ್ಕೆ 1943ರ ನವೆಂಬರ್ 11. ಯಾಕೆ ಅಂತ ಹೇಳುತ್ತೇನೆ. ಈ ಸ್ಕ್ವಾಡ್ರನ್ ಅಭ್ಯಾಸ ಮಾಡಿದ್ದು ಬಂಕರ್ ಹಿಲ್ ಎಂಬ ವಿಮಾನವಾಹಕ ನೌಕೆಯ ಮೇಲೆ. ಆದರೆ ಕೋರ್ಸೇರ್ ಹಡಗಿನ ಮೇಲೆ ಇಳಿಯುವುದರಲ್ಲಿ ತಂಟೆ ಮಾಡುತ್ತಿತ್ತು. ಉದ್ದ ಮೂಗಿನಿಂದ ಮುಂದೆ ಕಾಣುತ್ತಿರಲಿಲ್ಲ, ಚಕ್ರ ತಾಗಿದ ಕೂಡಲೇ ಪುಟಿಯುತ್ತಿತ್ತು. ಇವರು ಅದನ್ನು ಪಳಗಿಸಿಕೊಂಡರು. ಆದರೂ ಒಂದೇ ಸ್ಕ್ವಾಡ್ರನ್ನಿಗೋಸ್ಕರ ಹಡಗುಗಳಿಗೆ ಬೇರೆ ಬಿಡಿಭಾಗ ಸಾಗಿಸುವ ತಲೆನೋವು ಬೇಡ ಎಂದು ನೌಕಾಪಡೆ ಅವರನ್ನು ನೆಲಕ್ಕೆ ಇಳಿಸಿತು. ಬಂಕರ್ ಹಿಲ್‌ಗೆ ಹೆಲ್‌ಕ್ಯಾಟ್ ಎಂಬ ಬೇರೆ ಫೈಟರ್ ಹಾರಿಸುವ ವಿಎಫ್-18 ಬಂತು. ಅಕ್ಟೋಬರ್ ಕೊನೆಯಿಂದ ವಿಎಫ್-17 ಹಾರಿದ್ದು ಸಾಲೊಮನ್ ದ್ವೀಪಗಳ ಒಂಡೊಂಗಾ ಎಂಬ ನೆಲದ ಏರ್‌ಸ್ಟ್ರಿಪ್‌ನಿಂದ. ಹಡಗಿನ ಮೇಲೆ ಇಳಿಯುವಾಗ ಅಡ್ಡ ಕಟ್ಟಿದ ಹಗ್ಗಕ್ಕೆ ಸಿಕ್ಕಿ ವಿಮಾನ ನಿಲ್ಲಿಸುವ ಬಾಲದ ಹುಕ್ಕನ್ನೂ, ನೆಲದ ಮೇಲೆ ಅದು ಯಾಕೆ ಎಂದು ಬಿಚ್ಚಿಟ್ಟಿದ್ದರು.

ನವೆಂಬರ್ 11ರಂದು ಬಂಕರ್ ಹಿಲ್, ಎಸೆಕ್ಸ್, ಇಂಡಿಪೆಂಡೆನ್ಸ್ ನೌಕೆಗಳ ವಿಮಾನಗಳು ಜಪಾನಿನ ನೆಲೆಯಾಗಿದ್ದ ರಬೌಲ್ ಮೇಲೆ ದಾಳಿಗೆ ಹೊರಟವು. ಹಡಗುಗಳಿಗೆ ಕಾವಲು ಬೇಕಿತ್ತು. ವಿಎಫ್-17ರವರು ಹುಕ್ ಮತ್ತೆ ಜೋಡಿಸಿಕೊಂಡು, ನೆಲದಿಂದ ಹಾರಿ ಬಂದು, ಹಡಗಿನ ಮೇಲೆ ಇಳಿದು ಪೆಟ್ರೋಲ್ ತುಂಬಿಸಿಕೊಂಡು, ಮತ್ತೆ ಕಾವಲಿಗೆ ಹಾರಿದರು. ಯಾವ ಹಡಗಿನಿಂದ ಅವರನ್ನು ಇಳಿಸಿದ್ದರೋ ಅದರ ಮೇಲೆಯೇ. ನೀವು ಕೋರ್ಸೇರ್ ಜೊತೆ ವಿಮಾನವಾಹಕ ನೌಕೆ ತೋರಿಸಲೇಬೇಕು ಎಂದಿದ್ದರೆ ಈ ದಿನದ ಬಲ ನಿಮ್ಮ ಬೆನ್ನಿಗಿರುತ್ತದೆ. ಬೇರೆ ದಿನ ಆರಿಸಿದರೆ ಹಡಗನ್ನು ತೆಗೆದು ತೆಂಗಿನಮರ, ಹವಳದ ಪುಡಿಯ ರನ್‌ವೇ ಬರೆಯಿರಿ. ಅದೂ ಚೆನ್ನಾಗಿರುತ್ತದೆ.

ಇನ್ನು ವಿಮಾನ. ಆಗಿನ ಕೋರ್ಸೇರ್, ಅಂದರೆ ಎಫ್4ಯು-1 ಮಾದರಿಗೆ ಮೂರೇ ಎಲೆಯ ಪ್ರೊಪೆಲ್ಲರ್. 13 ಅಡಿಗೂ ಅಗಲ. ಅದು ನೆಲಕ್ಕೆ ತಾಗದಿರಲಿ ಎಂದೇ ರೆಕ್ಕೆಯನ್ನು ಹಾಗೆ ಕೆಳಕ್ಕೆ ಬಗ್ಗಿಸಿದ್ದು. ನಾಲ್ಕು ಎಲೆ ಬಂದಿದ್ದು ಎಫ್4ಯು-4ರಲ್ಲಿ, ಯುದ್ಧದ ಕೊನೆಗೆ. ಏರ್‌ಶೋಗಳಲ್ಲಿ ಹಾರುವ ಕೋರ್ಸೇರ್‌ಗಳಲ್ಲಿ ನಂತರದ ಮಾದರಿಗಳೂ ಇರುವುದರಿಂದ ಇಂಟರ್ನೆಟ್ ಫೋಟೋ ನೋಡಿ ಬರೆದವರೆಲ್ಲ ಇಲ್ಲೇ ಎಡವುತ್ತಾರೆ. ಕಾಕ್‌ಪಿಟ್ ಗಾಜನ್ನೂ ಗಮನಿಸಿ. ಮೊದಲ ಮಾದರಿಯಲ್ಲಿ ತುಂಬ ಕಂಬಿಗಳಿದ್ದವು, ಪಂಜರದ ಹಾಗೆ. ಯುದ್ಧಕ್ಕೆ ಹೋಗುವ ಹೊತ್ತಿಗೆ ಇವರ ಹತ್ತಿರ ಎತ್ತರಿಸಿದ, ಕಂಬಿ ಕಡಿಮೆ ಇರುವ ಗಾಜಿನ ಎಫ್4ಯು-1ಎ ಬಂದಿತ್ತು.

ಬಣ್ಣ ಒಂದಲ್ಲ, ಮೂರು. ಮೇಲೆ ಹೊಳಪಿಲ್ಲದ ಕಡಲನೀಲಿ, ಪಕ್ಕದಲ್ಲಿ ನಡುನೀಲಿ, ಹೊಟ್ಟೆ ಬಿಳಿ. ಈ ಮೂರು ಬಣ್ಣದ ಪದ್ಧತಿ 1943ರ ಶುರುವಿನಲ್ಲಿ ಬಂತು. ನೀವು ಬಳಿದ ಹೊಳೆಯುವ ಕಡುನೀಲಿ 1944ರಲ್ಲಿ ಬಂದದ್ದು. ತಲೆಬುರುಡೆ ಎಂಜಿನ್ ಕವಚದ ಮೇಲೆ, ಚಿಕ್ಕ ಕಪ್ಪು ಬಾವುಟದಲ್ಲಿ. ಬಾಲದ ಮೇಲೆ ಅಲ್ಲ. ಬಾಲದಲ್ಲಿ ದೊಡ್ಡ ತಲೆಬುರುಡೆ ವಿಎಫ್-84ರವರ ಗುರುತು. ನಂಬರು ಬೇಕಾದರೆ 29 ಹಾಕಿ. ಸ್ಕ್ವಾಡ್ರನ್ನಿನಲ್ಲಿ ಅತಿ ಹೆಚ್ಚು, ಅಂದರೆ 16 ವಿಮಾನ ಉರುಳಿಸಿದ ಐರಾ ಕೆಪ್‌ಫೋರ್ಡ್ ಅವರ ಹೆಸರಿನ ಜೊತೆ ಬೆಸೆದುಕೊಂಡ ನಂಬರು ಅದು. ಆದರೆ ಕಾಕ್‌ಪಿಟ್ ಕೆಳಗೆ 16 ಜಪಾನಿ ಬಾವುಟ ಅಂಟಿಸಬೇಡಿ. ಆ ಫೋಟೋ 1944ರದ್ದು. 1943ರ ನವೆಂಬರ್ 11ರ ಚಿತ್ರದಲ್ಲಿ ಅಷ್ಟು ಬಾವುಟ ಇರಲು ಸಾಧ್ಯವೇ ಇಲ್ಲ.

ನಕ್ಷತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಚಿತ್ರದ ತಾರೀಕು ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. 1942ರ ಮೇವರೆಗೆ ಬಿಳಿ ನಕ್ಷತ್ರದ ನಡುವೆ ಕೆಂಪು ಚುಕ್ಕಿ ಇತ್ತು. ಜಪಾನಿನ ಸೂರ್ಯನ ಗುರುತು ಎಂದು ಗಡಿಬಿಡಿಯಲ್ಲಿ ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸಬಾರದು ಎಂದು ತೆಗೆದರು. ಬಾಲದ ಕೆಂಪು ಬಿಳಿ ಪಟ್ಟೆಗಳೂ ಆಗಲೇ ಹೋದವು. 1943ರ ಜೂನ್ ಕೊನೆಗೆ ನಕ್ಷತ್ರದ ಎರಡು ಪಕ್ಕ ಬಿಳಿ ಪಟ್ಟಿ ಬಂತು, ಸುತ್ತ ಕೆಂಪು ಅಂಚು. ಮತ್ತೆ ಅದೇ ಕೆಂಪಿನ ತಕರಾರು. ಆಗಸ್ಟ್ ಹೊತ್ತಿಗೆ ಅಂಚು ನೀಲಿಯಾಯಿತು. 1947ರ ಜನವರಿಯಲ್ಲಿ ಬಿಳಿ ಪಟ್ಟಿಯ ನಡುವೆ ಕೆಂಪು ಗೆರೆ ಸೇರಿತು. ಇವತ್ತಿಗೂ ಗುರುತಿನ ಆಕಾರ ಅದೇ. ನಿಮ್ಮ ಕೋರ್ಸೇರ್‌ಗೆ ಬೇಕಾಗಿರುವುದು ನೀಲಿ ಅಂಚು, ಕೆಂಪು ಎಲ್ಲಿಯೂ ಇಲ್ಲ.

ನಂಬರಿನ ವಿಷಯದಲ್ಲಿ ದೊಡ್ಡ ಕಲಾವಿದರೂ ಜಾರುತ್ತಾರೆ. ಓ’ಹೇರ್ 1942ರ ಫೆಬ್ರವರಿ 20ರಂದು ಲೆಕ್ಸಿಂಗ್ಟನ್ ನೌಕೆಯನ್ನು ಕಾಪಾಡಲು ಒಬ್ಬರೇ ಬಾಂಬರ್‌ಗಳ ಗುಂಪಿನ ಮೇಲೆ ಬಿದ್ದ ದೃಶ್ಯವನ್ನು ಎಷ್ಟೋ ಜನ ಬರೆದಿದ್ದಾರೆ. ಆ ದಿನ ಅವರು ಹಾರಿಸಿದ್ದು ಎಫ್-15 ಎಂದು ಬರೆದಿದ್ದ ವೈಲ್ಡ್‌ಕ್ಯಾಟ್. ಆದರೆ ಜನರಿಗೆ ಗೊತ್ತಿರುವ ಫೋಟೋ ಏಪ್ರಿಲ್‌ನದ್ದು. ಅದರಲ್ಲಿ ಥ್ಯಾಚ್ ಎಫ್-1ರಲ್ಲಿ, ಓ’ಹೇರ್ ಎಫ್-13ರಲ್ಲಿ ಇದ್ದಾರೆ. ಹಾಗಾಗಿ ಫೆಬ್ರವರಿಯ ಕಾದಾಟದ ಚಿತ್ರಗಳಲ್ಲೂ 13 ಬಂದು ಕೂತುಬಿಟ್ಟಿದೆ. ಪ್ರಸಿದ್ಧ ಫೋಟೋ ಸಿಕ್ಕಿತು ಎಂದ ಕೂಡಲೇ ಅದನ್ನು ತೆಗೆದ ತಾರೀಕು ಹುಡುಕಿ.

ಟಾಮ್‌ಕ್ಯಾಟ್‌ಗೆ ಬರೋಣ. ವಿಎಫ್-84 ಹಾರಿಸಿದ್ದು ಎಫ್-14ಎ ಮಾತ್ರ. 1976ರಲ್ಲಿ ಕೈಗೆ ಬಂತು. 1977ರ ಡಿಸೆಂಬರ್‌ನಲ್ಲಿ ನಿಮಿಟ್ಜ್ ನೌಕೆಯ ಮೇಲೆ ಮೊದಲ ಯಾನ ಹೊರಟರು. ನಿಮ್ಮ ಕರಡಿನ ಟಾಮ್‌ಕ್ಯಾಟ್‌ನ ಗಲ್ಲದ ಕೆಳಗೆ ಉಪಕರಣಗಳ ಜೋಡಿ ಗೂಡು ಇದೆ. ಅದು ಎಫ್-14ಡಿ ಮಾದರಿಯದ್ದು, ಈ ಸ್ಕ್ವಾಡ್ರನ್ ಅದನ್ನು ಮುಟ್ಟಲೇ ಇಲ್ಲ. ದೂರದ ವಿಮಾನ ಗುರುತಿಸುವ ಟಿವಿ ಕ್ಯಾಮೆರಾ ಕೂಡ 80ರ ದಶಕದಲ್ಲಿ ಬಂದದ್ದು. 1977 ಎಂದರೆ ಅದನ್ನೂ ತೆಗೆಯಿರಿ. ಬಾಲದ ಅಕ್ಷರ ‘ಎಜೆ’. ನಿಮಿಟ್ಜ್ ಮೇಲೆ 100ರ ಸರಣಿ ವಿಎಫ್-41ರವರದ್ದು, 200ರ ಸರಣಿ ಇವರದ್ದು. 200 ಎಂಬ ನಂಬರಿನ ವಿಮಾನ ಅತಿ ಹೆಚ್ಚು ಬಣ್ಣದ್ದಾಗಿರುತ್ತದೆ, ಏಕೆಂದರೆ 00ಯಲ್ಲಿ ಮುಗಿಯುವ ನಂಬರು ಏರ್‌ವಿಂಗ್, ಅಂದರೆ ಹಡಗಿನ ಎಲ್ಲ ಸ್ಕ್ವಾಡ್ರನ್‌ಗಳ ಒಟ್ಟು ಪಡೆಯ ಕಮಾಂಡರ್ ಹೆಸರಿನದ್ದು. ಹೊಟ್ಟೆಯ ಬಣ್ಣಕ್ಕೆ ಆ ತಿಂಗಳ ಫೋಟೋ ನೋಡಲೇಬೇಕು. 1955ರಲ್ಲಿ ಶುರುವಾದ ‘ಮೇಲೆ ತಿಳಿ ಬೂದು, ಕೆಳಗೆ ಬಿಳಿ’ ಪದ್ಧತಿ 70ರ ದಶಕದ ಕೊನೆಯಲ್ಲಿ ಇಡೀ ಮೈ ಬೂದು ಆಗುವತ್ತ ತಿರುಗುತ್ತಿತ್ತು. 80ರ ದಶಕದಲ್ಲಿ ಎಲ್ಲವೂ ಮಂಕು ಬೂದು, ತಲೆಬುರುಡೆ ಕೂಡ ಕಂಡೂ ಕಾಣದ ಹಾಗಾಯಿತು. ಕಪ್ಪು ಬಾಲ, ಬಿಳಿ ತಲೆಬುರುಡೆ ಬೇಕು ಎಂದಿದ್ದರೆ 70ರ ದಶಕದಲ್ಲೇ ಇರಿ.

ಒಂದು ಮಾತು ನಡುವೆ. ಮುಂದಿನ ಪೋಸ್ಟರ್‌ಗೆ ಯಾವ ಕಾಲ ಎಂದು ಕೇಳಿದರೆ ನಾನು ಕಣ್ಣುಮುಚ್ಚಿ 1937ರಿಂದ 1940 ಎನ್ನುತ್ತೇನೆ. ನೌಕಾಪಡೆಯ ಫೈಟರ್‌ಗಳು ಅಷ್ಟು ಚೆಂದ ಮತ್ತೆಂದೂ ಇರಲಿಲ್ಲ. ಬೆಳ್ಳಿ ಬಣ್ಣದ ಮೈ, ಮೇಲಿನ ರೆಕ್ಕೆ ಗಾಢ ಹಳದಿ. ಬಾಲದ ಬಣ್ಣ ಹಡಗು ಹೇಳುತ್ತಿತ್ತು: ಎಂಟರ್‌ಪ್ರೈಸ್ ನೀಲಿ, ಯಾರ್ಕ್‌ಟೌನ್ ಕೆಂಪು, ಸಾರಾಟೋಗಾ ಬಿಳಿ, ಲೆಕ್ಸಿಂಗ್ಟನ್ ನಿಂಬೆ ಹಳದಿ, ರೇಂಜರ್ ಹಸಿರು, ವಾಸ್ಪ್ ಕಪ್ಪು. ಸ್ಕ್ವಾಡ್ರನ್ನಿನ 18 ವಿಮಾನಗಳನ್ನು ಮೂರು ಮೂರರ ಆರು ಗುಂಪು ಮಾಡಿ ಪ್ರತಿ ಗುಂಪಿಗೆ ಒಂದು ಬಣ್ಣ. ಗುಂಪಿನ ನಾಯಕನಿಗೆ ಎಂಜಿನ್ ಕವಚ ಪೂರ್ತಿ ಆ ಬಣ್ಣ, ಜೊತೆಗೆ ಮೈಸುತ್ತ ಒಂದು ಪಟ್ಟೆ. ಎರಡನೆಯವನಿಗೆ ಕವಚದ ಮೇಲರ್ಧ, ಮೂರನೆಯವನಿಗೆ ಕೆಳಗಿನ ಅರ್ಧ. ನೀಲಿ ಬಾಲ, ಪೂರ್ತಿ ಕೆಂಪು ಕವಚ ಎಂದರೆ ಎಂಟರ್‌ಪ್ರೈಸ್‌ನ ಮೊದಲ ಗುಂಪಿನ ನಾಯಕ. ಅಕ್ಷರ ಓದುವ ಮೊದಲೇ ತಿಳಿಯುತ್ತದೆ. 1940ರ ಕೊನೆಗೆ ಎಲ್ಲಕ್ಕೂ ಬೂದು ಬಳಿಯಿರಿ ಎಂಬ ಆದೇಶ ಬಂತು. 2011ರಲ್ಲಿ ನೌಕಾ ವಿಮಾನಯಾನಕ್ಕೆ 100 ವರ್ಷ ತುಂಬಿದಾಗ ನೌಕಾಪಡೆಯೇ ತನ್ನ ಕೆಲವು ಈಗಿನ ವಿಮಾನಗಳಿಗೆ ಹಳೇ ಬಣ್ಣ ಬಳಿಯಿತು. ಅವುಗಳಲ್ಲಿ ಹಳದಿ ರೆಕ್ಕೆಯದ್ದೂ ಇತ್ತು, ನಿಮ್ಮ ಕೋರ್ಸೇರ್‌ನ ಮೂರು ಬಣ್ಣದ್ದೂ ಇತ್ತು.

ಈ ಕಾಲಕ್ಕೆ ಕಪ್ಪು ಬಿಳುಪು ಫೋಟೋ ನೋಡಿ ಬಣ್ಣ ಊಹಿಸುವಾಗ ಹುಷಾರಾಗಿರಿ. ಆಗಿನ ಆರ್ಥೋಕ್ರೋಮ್ಯಾಟಿಕ್ ಫಿಲ್ಮ್ ಕೆಂಪನ್ನು ಹಿಡಿಯುತ್ತಿರಲಿಲ್ಲ. ಹಾಗಾಗಿ ಹಳದಿ ಕಪ್ಪಗೆ ಕಾಣುತ್ತದೆ, ನೀಲಿ ತೆಳುವಾಗಿ ಕಾಣುತ್ತದೆ. ಕಪ್ಪು ರೆಕ್ಕೆ ಎಂದುಕೊಂಡದ್ದು ಹಳದಿಯಾಗಿರಬಹುದು.

ಈಗ ‘ಹಳೇ ನೋಟ’. ಫಿಲ್ಟರ್ ತೆಗೆದುಬಿಡಿ. ಪೂರ್ತಿ. ಫಿಲ್ಟರ್ ಮಾಡುವುದು ಎಲ್ಲದರ ಮೇಲೆ ಒಂದೇ ಸಮ ಕಂದು ಬಳಿಯುವ ಕೆಲಸ. ನಿಜವಾದ ಹಳೇ ಪೋಸ್ಟರ್ ಹಾಗೆ ಹಳತಾಗುವುದಿಲ್ಲ. ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ, ಅದು ಅಂಚಿನಿಂದ ಒಳಗೆ ಹಳದಿಯಾಗುತ್ತಾ ಹೋಗುತ್ತದೆ. ಬಿಸಿಲು ಬಿದ್ದ ಆಫ್‌ಸೆಟ್ ಮುದ್ರಣದಲ್ಲಿ ಹಳದಿ, ಮಜೆಂಟಾ ಶಾಯಿ ಮೊದಲು ಸೋಲುತ್ತವೆ. ಉಳಿಯುವುದು ನೀಲಿ ಛಾಯೆ. ಕಿಟಕಿಯ ಎದುರು ವರ್ಷಗಟ್ಟಲೆ ನೇತುಹಾಕಿದ ಕ್ಯಾಲೆಂಡರ್ ಚಿತ್ರ ನೀಲಿಗಟ್ಟಿರುತ್ತದಲ್ಲ, ಹಾಗೆ. ಯುದ್ಧಕಾಲದ ಪೋಸ್ಟರ್‌ಗಳನ್ನು ಮಡಚಿ ಅಂಚೆಯಲ್ಲಿ ಕಳಿಸುತ್ತಿದ್ದರು. ಮಡಿಕೆಗಳು ನೇರ, ಒಂದನ್ನೊಂದು ಕತ್ತರಿಸುತ್ತವೆ, ಕತ್ತರಿಸುವ ಜಾಗದಲ್ಲಿ ಶಾಯಿ ಮೊದಲು ಉದುರುತ್ತದೆ. ಫಿಲ್ಟರ್‌ನ ಸುಕ್ಕು ಮಾತ್ರ ಎಲ್ಲಿ ಬೇಕಾದರಲ್ಲಿ ಇರುತ್ತದೆ.

ನನ್ನ ಅಭಿಪ್ರಾಯದಲ್ಲಿ ಸುಳ್ಳು ಮುಪ್ಪೇ ಬೇಡ. ವಿನ್ಯಾಸ ಹಳೇದಿರಲಿ, ಕಾಗದ ಹೊಸದಿರಲಿ. 1943ರಲ್ಲಿ ಪೋಸ್ಟರ್ ಅಚ್ಚಿನಿಂದ ಹೊರಬಂದಾಗ ಅದೂ ಹೊಸದಾಗಿಯೇ ಇತ್ತು, ಅಲ್ವಾ?

ಹಾಗೆ ಕಾಣಬೇಕಾದರೆ ಶಾಯಿ ಎಣಿಸಿ. ಆಗ ಪ್ರತಿ ಬಣ್ಣಕ್ಕೂ ಒಂದು ಪ್ಲೇಟ್, ಇಲ್ಲವೇ ಒಂದು ಸ್ಕ್ರೀನ್. ಬಣ್ಣ ಹೆಚ್ಚಿದಷ್ಟೂ ಖರ್ಚು. ಅದಕ್ಕೇ ನಾಲ್ಕೈದು ಬಣ್ಣದಲ್ಲಿ ಕೆಲಸ ಮುಗಿಸುತ್ತಿದ್ದರು. ನಿಮ್ಮ ಕರಡಿನಲ್ಲಿ ಲೆಕ್ಕವಿಲ್ಲದಷ್ಟು ನೀಲಿಗಳಿವೆ. ಕೋರ್ಸೇರ್‌ನ ಎರಡು ನೀಲಿಗಳನ್ನೇ ಇಡೀ ಪೋಸ್ಟರ್‌ಗೆ ಇಟ್ಟುಕೊಳ್ಳಿ. ಸಮುದ್ರಕ್ಕೂ ಅವೇ, ಆಕಾಶದ ಮೇಲ್ಭಾಗಕ್ಕೂ ಅವೇ. ಜೊತೆಗೆ ಕಪ್ಪು, ಒಂದು ಬೂದು, ಒಂದು ಹಳದಿ. ಬಿಳಿಗೆ ಶಾಯಿ ಬೇಡ, ಕೆನೆಬಣ್ಣದ ಕಾಗದವೇ ಬಿಳಿ. ಹೊಟ್ಟೆ, ಮೋಡ, ತಲೆಬುರುಡೆ ಎಲ್ಲ ಬರೀ ಕಾಗದ. ಆಗ ಮಾತ್ರ ಚಿತ್ರ ಕೂಡಿಕೊಳ್ಳುತ್ತದೆ. ತೆಳು ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ ಬೀಳುವಂತೆ ಪದರ ಜೋಡಿಸಿ. ಎರಡು ಬಣ್ಣ ಸೇರುವಲ್ಲಿ ಕೂದಲೆಳೆಯಷ್ಟು ಒಂದರ ಮೇಲೊಂದು ಹತ್ತಲಿ. ಅಲ್ಲಿ ಹುಟ್ಟುವ ಮೂರನೇ ಬಣ್ಣವನ್ನು ಯಾವ ಫಿಲ್ಟರೂ ಕೊಡಲಾರದು.

ಅಕ್ಷರಗಳು ಇನ್ನೊಂದು ಜಾಗ. ಆಗ ಶೀರ್ಷಿಕೆಗಳನ್ನು ಹೆಚ್ಚಾಗಿ ಕೈಯಲ್ಲೇ ಬರೆಯುತ್ತಿದ್ದರು. ಎರಡು ‘ಆರ್’ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದರೆ ಕಂಪ್ಯೂಟರ್ ಫಾಂಟ್ ಎಂದು ಕೂಡಲೇ ಗೊತ್ತಾಗುತ್ತದೆ. ಫಾಂಟ್ ಇಟ್ಟುಕೊಂಡೇ ಶುರುಮಾಡಿ, ಆಮೇಲೆ ಅದರ ಮೇಲೆ ಪೆನ್ನಿನಿಂದ ಮತ್ತೆ ಬರೆಯಿರಿ. ಅಷ್ಟು ಸಾಕು.

ಮುದ್ರಣಕ್ಕೆ ಸ್ಕ್ರೀನ್ ಪ್ರಿಂಟ್ ಸಿಕ್ಕರೆ ಅದೇ ಮಾಡಿಸಿ. ಭೂತಗನ್ನಡಿ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ: ಸ್ಕ್ರೀನ್ ಪ್ರಿಂಟ್‌ನಲ್ಲಿ ಬಣ್ಣ ಗಟ್ಟಿಯಾಗಿ ಹಾಸಿರುತ್ತದೆ, ಅಂಚಿನಲ್ಲಿ ಶಾಯಿಯ ದಪ್ಪ ಕಾಣುತ್ತದೆ. ಆಫ್‌ಸೆಟ್‌ನಲ್ಲಿ ಚುಕ್ಕಿಗಳು ಸಾಲಾಗಿ ಕೂತು ಚಿಕ್ಕ ಹೂವಿನಂತೆ ಕಾಣುತ್ತವೆ. ಇಂಕ್‌ಜೆಟ್‌ನಲ್ಲಿ ಚುಕ್ಕಿಗಳು ಸುಮ್ನೆ ಸಿಂಪಡಿಸಿದಂತೆ ಇರುತ್ತವೆ. ‘ಯುದ್ಧಕಾಲದ ಅಸಲಿ’ ಎಂದು ಯಾರಾದರೂ ಮಾರಲು ಬಂದಾಗಲೂ ಇದೇ ಪರೀಕ್ಷೆ ಮಾಡಿ. ಸಿಂಪಡಿಸಿದ ಚುಕ್ಕಿ ಕಂಡರೆ ಮಾತು ಮುಂದುವರಿಸಬೇಡಿ. ಇಂಕ್‌ಜೆಟ್ ಮಾಡಿಸುವುದೇ ಆದರೆ ಪಿಗ್ಮೆಂಟ್ ಶಾಯಿ, ಆಮ್ಲವಿಲ್ಲದ ಹತ್ತಿಯ ಕಾಗದ. ಫ್ರೇಮ್ ಹಾಕುವಾಗ ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್, ಅಂದರೆ ದಪ್ಪ ರಟ್ಟಿನ ಚೌಕಟ್ಟು ಇರಲಿ.

ಇನ್ನು ಮಾರಾಟ. ಅಮೆರಿಕ ಸರ್ಕಾರದ ನೌಕರರು ಕೆಲಸದ ಭಾಗವಾಗಿ ತೆಗೆದ ಫೋಟೋಗಳಿಗೆ ಆ ದೇಶದಲ್ಲಿ ಕಾಪಿರೈಟ್ ಇಲ್ಲ. ನೌಕಾಪಡೆಯ ಯುದ್ಧಕಾಲದ ಫೋಟೋಗಳನ್ನು ನೋಡಿ ಧೈರ್ಯವಾಗಿ ಬರೆಯಿರಿ. ಆದರೆ ಲಾಂಛನ ಬೇರೆ ವಿಷಯ. ನೌಕಾಪಡೆಗೆ ತನ್ನ ಹೆಸರು, ಗುರುತುಗಳಿಗಾಗಿಯೇ ಟ್ರೇಡ್‌ಮಾರ್ಕ್ ಪರವಾನಗಿಯ ವ್ಯವಸ್ಥೆ ಇದೆ. ಮನೆಯ ಗೋಡೆಗೆ, ಗೆಳೆಯರಿಗೆ ಕೊಡಲು ಒಂದು ಪ್ರತಿ ತೆಗೆಯುವುದು ಬೇರೆ, ಹಣ ತೆಗೆದುಕೊಂಡು ಮಾರುವುದು ಬೇರೆ. ಮಾರುವ ಮೊದಲು ಅವರ ಪರವಾನಗಿ ವಿಭಾಗಕ್ಕೆ ಬರೆದು ಕೇಳಿ. ಕೆಲವು ಲಾಂಛನಗಳಿಗೆ ಇನ್ನೊಬ್ಬ ಒಡೆಯನೂ ಇರುತ್ತಾನೆ. ಫೀಲಿಕ್ಸ್ ಬೆಕ್ಕು ಕಾರ್ಟೂನ್ ಪಾತ್ರ, ಅದರ ಹಕ್ಕು ನೌಕಾಪಡೆಯದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ವಾಲ್ಟ್ ಡಿಸ್ನಿ ಸ್ಟುಡಿಯೋ ಹ್ಯಾಂಕ್ ಪೋರ್ಟರ್ ಮುಂದಾಳತ್ವದಲ್ಲಿ ಸುಮಾರು 1,200 ಲಾಂಛನ ಬರೆದುಕೊಟ್ಟಿತ್ತು, ದುಡ್ಡು ತೆಗೆದುಕೊಳ್ಳದೆ. ಪುಕ್ಕಟೆ ಕೊಟ್ಟರು ಎಂದ ಮಾತ್ರಕ್ಕೆ ಅದರಲ್ಲಿರುವ ಡಿಸ್ನಿ ಪಾತ್ರಗಳು ನಿಮ್ಮವಾಗುವುದಿಲ್ಲ. ತಲೆಬುರುಡೆ, ಅಡ್ಡಮೂಳೆ ಎಂಬ ಕಲ್ಪನೆ ಯಾರ ಸ್ವತ್ತೂ ಅಲ್ಲ. ಆದರೆ ಸ್ಕ್ವಾಡ್ರನ್ ಬಳಸುವ ಅದೇ ವಿನ್ಯಾಸ, ಅದೇ ಹೆಸರಿನ ಜೊತೆ ಬಂದಾಗ ಅನುಮತಿಯ ಪ್ರಶ್ನೆ ಏಳುತ್ತದೆ.

ಅನುಮತಿ ಸಿಕ್ಕರೂ ಸಿಗದಿದ್ದರೂ ಕೆಳಗಿನ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಎರಡು ಸಾಲು ಇರಲಿ: ನಿಮ್ಮ ಹೆಸರು, ನೀವು ಬರೆದ ವರ್ಷ, ಮತ್ತು ಇದು ನೌಕಾಪಡೆಯ ಅಧಿಕೃತ ಪ್ರಕಟಣೆಯಲ್ಲ ಎಂಬ ಮಾತು. ಅದನ್ನು ಹಿಂಬದಿಯಲ್ಲಿ ಬರೆಯಬೇಡಿ, ಫ್ರೇಮ್ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಸರಿಪಡಿಸಿದ ಕರಡು ಆದಮೇಲೆ ಕಳಿಸಿ. ಪ್ರೊಪೆಲ್ಲರ್ ಎಲೆಗಳನ್ನು ಮೊದಲು ಎಣಿಸುತ್ತೇನೆ.